ಕಾಯುವ ಕೋಣೆಗೆ ಬೇರೆ ಸೀಟ್

2024ರಲ್ಲಿ ನಾನು ಮಣಿಪಾಲದ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯ ಟೆಕ್ನಿಷಿಯನ್. ಆ ವರ್ಷ ಕಾರ್ಕಳದ ಒಂದು ಕ್ಲಿನಿಕ್‌ಗೆ ನಾಲ್ಕು ಸಲ ಹೋಗಿದ್ದೆನೆಂದು ಡೈರಿಯಲ್ಲಿದೆ. ಮೂರನೆಯದನ್ನು ಓದಿದರೆ ಈಗಲೂ ಹೇಸಿಗೆಯಾಗುತ್ತದೆ.

ಅಲ್ಲಿ ಕೌಂಟರಿನ ಮಾನಿಟರಿಗೂ ಕಾಯುವ ಕೋಣೆಯ ಟಿವಿಗೂ ಒಂದೇ ಲಿನಕ್ಸ್ ಕಂಪ್ಯೂಟರ್. ಟಿವಿಯಲ್ಲಿ ಟೋಕನ್ ಸಂಖ್ಯೆ ಮಾತ್ರ ಬರಬೇಕು. ಆದರೆ ಎರಡೂ ಒಂದೇ ಡೆಸ್ಕ್‌ಟಾಪಿನ ಭಾಗಗಳಾದ್ದರಿಂದ ರಿಸೆಪ್ಶನಿಸ್ಟ್ ಸುಮತಿ ತೆರೆದ ರೋಗಿಯ ರಿಪೋರ್ಟ್ ಎಲ್ಲರೆದುರು ಕಾಣುವ ಅಪಾಯವಿತ್ತು.

ಲಿನಕ್ಸ್‌ನಲ್ಲಿ ‘ಸೀಟ್’ ಎಂದರೆ ಒಬ್ಬರ ಬಳಕೆಗೆಂದು ಒಟ್ಟುಗೂಡಿಸಿದ ಪರದೆ, ಕೀಬೋರ್ಡ್, ಮೌಸ್. ಮೊದಲ ಎರಡು ಭೇಟಿಗಳಲ್ಲಿ ಇನ್ನೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿ, ಟಿವಿಯನ್ನು ಪ್ರತ್ಯೇಕ ಸೀಟ್ ಮಾಡಿದೆ. ಪರದೆಯ ಮೇಲೆ ವಿಂಡೋಗಳನ್ನು ಜೋಡಿಸುವ ಪ್ರೋಗ್ರಾಂ ಕಾಂಪೋಸಿಟರ್. ಟಿವಿಗೆ ಅದನ್ನೂ ಬೇರೆಯೇ ಓಡಿಸಿದೆ. ಇನ್ನು ಕೌಂಟರಿನದು ಯಾವುದೂ ಅತ್ತ ದಾಟುವಂತಿರಲಿಲ್ಲ.

ಅದಾಗಿ ಹನ್ನೊಂದನೇ ದಿನ ಕ್ಲಿನಿಕ್ಕಿನ ಮ್ಯಾನೇಜರ್ ಕರೆಸಿದರು.

“ಎಂತ ಮಾರಾಯ, ನನ್ನ ಫೋಟೋ ಟಿವಿಗೆ ಹೋಗುವುದೇ ಇಲ್ಲ!”

ಶುಭೋದಯದ ಚಿತ್ರಕ್ಕೆ ತಮ್ಮ ನಗುಮುಖ ಅಂಟಿಸಿ, ದಿನಾ ಬೆಳಿಗ್ಗೆ ಅದನ್ನು ಮೌಸ್‌ನಿಂದ ಟಿವಿಗೆ ಎಳೆದುಬಿಡುವುದು ಅವರ ರೂಢಿ.

“ಎಳೆಯಲಿಕ್ಕೆ ಆಗಬಾರದೆಂದೇ ಮಾಡಿದ್ದು ಸರ್. ಫೋಟೋಗೆ ಬೇರೆ ವ್ಯವಸ್ಥೆ ಮಾಡ್ತೇನೆ, ಎರಡು ದಿನ ಕೊಡಿ.”

“ನಾಳೆ ಚೌತಿ ಉಂಟು. ಮೊದಲಿನ ಹಾಗೆ ಮಾಡಿ ಹೋಗು.”

ಅವರು ಒಳಗೆ ಹೋದ ಮೇಲೆ ಸುಮತಿ, “ಸರ್‌ನ ಹಲ್ಲು ಕಾಣದಿದ್ದರೆ ರೋಗಿಗಳಿಗೆ ಗುಣವೇ ಆಗುವುದಿಲ್ಲ, ಅಲ್ವಾ?” ಎಂದಳು. ನಕ್ಕೆ. ನಗುತ್ತಲೇ ಇಪ್ಪತ್ತು ನಿಮಿಷದಲ್ಲಿ ಟಿವಿಯ ಸೀಟನ್ನು ತೆಗೆದು ಮೊದಲಿನಂತೆ ಮಾಡಿದೆ.

ಆರು ದಿನ ಕಳೆದು ಪ್ರಿಂಟರ್ ಕೆಟ್ಟಿತೆಂದು ಹೋಗಿ ಕೌಂಟರಿನಲ್ಲಿ ಕುಳಿತಿದ್ದೆ. ಸುಮತಿ ಒಂದು ರಿಪೋರ್ಟ್ ತೆರೆದಳು. ಫೋಟೋ ತೋರಿಸುವ ಪ್ರೋಗ್ರಾಮೇ ರಿಪೋರ್ಟನ್ನೂ ತೋರಿಸುವುದು. ಮ್ಯಾನೇಜರ್ ಬೆಳಿಗ್ಗೆ ಅದರ ವಿಂಡೋವನ್ನು ಟಿವಿಗೆ ಎಳೆದು ಬಿಟ್ಟಿದ್ದರು, ಹಾಗಾಗಿ ರಿಪೋರ್ಟೂ ಅಲ್ಲೇ ತೆರೆದುಕೊಂಡಿತು. ಎಲ್ಲೂರಿನ ಒಬ್ಬ ಹೆಂಗಸಿನ ಹೆಸರು, ವಯಸ್ಸು, ಕೆಳಗೆ ದಪ್ಪಕ್ಷರದಲ್ಲಿ ಕ್ಷಯರೋಗ. ಬೆಂಚಿನಲ್ಲಿ ಆಕೆಯ ಪಕ್ಕ ಕುಳಿತಿದ್ದ ಗುರುತಿನವಳು ಮೂಗಿಗೆ ಸೆರಗು ಹಿಡಿದು ಎದ್ದಳು. ಮತ್ತಿಬ್ಬರು ಎದ್ದರು. ಬೆಂಚಿನಲ್ಲಿ ಆಕೆ ಒಬ್ಬರೇ ಉಳಿದರು.

“ಐದು ಸೆಕೆಂಡ್ ಅಲ್ವಾ, ಯಾರು ಓದ್ತಾರೆ?” ಎಂದರು ಮ್ಯಾನೇಜರ್. ಟಿವಿಯಲ್ಲಿ ಮತ್ತೆ ಅವರದೇ ನಗುಮುಖ.

ಆಕೆಯ ಸರದಿ ಬಂದಾಗ ಟೋಕನ್ 23 ಎಂದು ಮೂರು ಸಲ ಕರೆದರು. ಆಕೆ ಔಷಧಿಯಿಲ್ಲದೆ ಹೋಗಿಯಾಗಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ.

ಯಾರನ್ನೂ ಕೇಳದೆ ಆಗಲೇ ಟಿವಿಯನ್ನು ಮತ್ತೆ ಬೇರೆ ಸೀಟ್ ಮಾಡಿದೆ. ಡೈರಿಯಲ್ಲಿ ಮೂರನೇ ಭೇಟಿಯ ಮುಂದೆ ‘ಮ್ಯಾನೇಜರ್ ಹೇಳಿದ್ದಕ್ಕೆ ತೆಗೆದದ್ದು’ ಎಂದಿತ್ತು. ಮೊದಲೆರಡು ಪದಗಳನ್ನು ಹೊಡೆದು ‘ನಾನು’ ಎಂದು ಬರೆದೆ. ಬೇಡವೆಂದು ಗೊತ್ತಿದ್ದೂ ಮಾಡಿದ ಕೆಲಸಕ್ಕೆ ಹೇಳಿದವರ ಹೆಸರು ಹಾಕುವಂತಿಲ್ಲ. ಅಷ್ಟನ್ನು ಈ ವೃತ್ತಿ ನನಗೆ ಕಲಿಸಿದೆ.