ಉಕ್ಷಿ ಬಳ್ಳಿಯ ನೀರು

ಅಪ್ಪನಿಗೆ ತಿಳಿಯದ ವಿಷಯ ಪ್ರಪಂಚದಲ್ಲಿ ಇರಲೇ ಇಲ್ಲ. ಹಾಗಂತ ಅವರು ನಂಬಿದ್ದರು. ಬ್ಯಾಂಕಿನವರು ಅವರನ್ನು ಧಾರವಾಡದಿಂದ ಔರಂಗಾಬಾದಿಗೆ ಹಾಕಿದರು, ಎರಡೇ ವರ್ಷಕ್ಕೆ ಅಲ್ಲಿಂದ ನಾಸಿಕಕ್ಕೆ. ಪಂಚವಟಿಯ ಬಾಡಿಗೆ ಮನೆಯಲ್ಲಿ ಅವ್ವ ಸಾಮಾನು ಪೂರ್ತಿ ಬಿಚ್ಚಲೂ ಇಲ್ಲ. ನನ್ನ ಆರನೇ ಇಯತ್ತೆಯ ಪರೀಕ್ಷೆ ಮುಗಿದದ್ದೇ ನನ್ನನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿಬಿಡುತ್ತೇನೆ, ನೀವೊಬ್ಬರೇ ಇರಿ ಎಂದುಬಿಟ್ಟಳು. ಬೇಡ ಎನ್ನುವ ಧೈರ್ಯ ಅಪ್ಪನಿಗೆ ಎಲ್ಲಿಂದ ಬರಬೇಕು?

"ಹೋಗೂಕಿಂತ ಮೊದಲ ಒಂದ್ ಗುಡ್ಡರೆ ನೋಡಿ ಹೋಗ್ರಿ" ಎಂದರು, ಅಷ್ಟೇ.

ಅದು 2007ರ ಬೇಸಿಗೆ. ತ್ರ್ಯಂಬಕದ ಆಚೆಯ ಗುಡ್ಡವನ್ನು ಅರ್ಧ ಹತ್ತಿದ ಮೇಲೆ ಗೊತ್ತಾಯಿತು, ನೀರಿನ ಕ್ಯಾನು ಅಡುಗೆಮನೆಯ ಕಟ್ಟೆಯ ಮೇಲೆಯೇ ಉಳಿದಿದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮುಂದೆ ನಡೆದಳು. ಬೈದಿದ್ದರೆ ನಮಗೇ ಸಮಾಧಾನವಾಗುತ್ತಿತ್ತು.

"ನೀರಿಗೇನ್ ಬರ? ಬಳ್ಳ್ಯಾಗ ಐತಿ" ಎಂದರು ಅಪ್ಪ. ಎಲ್ಲೋ ಓದಿದ್ದರಂತೆ. ಕಟ್ಟಿಗೆ ಆರಿಸುತ್ತಿದ್ದ ಮುದುಕಿಯೊಬ್ಬಳಿಂದ ಕೊಯ್ತಾ ಎನ್ನುವ ಮಚ್ಚು ಈಸಿಕೊಂಡು, ತೋಳಿನಷ್ಟು ದಪ್ಪದ ಉಕ್ಷಿ ಬಳ್ಳಿಯನ್ನು ಬುಡದಲ್ಲೇ ಕಡಿದು, ಅದರ ಕೆಳಗೆ ಬಾಯಿ ತೆರೆದು ಕೂತರು. ಎರಡು ಹನಿ ಬಿದ್ದು ನಿಂತುಹೋಯಿತು. ಮುದುಕಿ ಸೊಂಟ ಹಿಡಿದುಕೊಂಡು ನಕ್ಕಳು.

"ಅರೇ ದಾದಾ, ಆಧೀ ವರ್ ಕಾಪಾಯ್ಚಂ!"

ಮೊದಲು ಮೇಲೆ ಕಡಿಯಬೇಕಂತೆ, ಬುಡ ಕಡಿದರೆ ನೀರು ಮೇಲಕ್ಕೇರಿಬಿಡುತ್ತದಂತೆ ಎಂದು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಮುದುಕಿ ಇನ್ನೊಂದು ಬಳ್ಳಿಯನ್ನು ಕೈಗೆಟುಕುವಷ್ಟು ಎತ್ತರದಲ್ಲಿ ಕಡಿದಳು, ಆಮೇಲೆ ಕೆಳಗೆ. ಆ ತುಂಡನ್ನು ನನ್ನ ಬಾಯಿಯ ಮೇಲೆ ಎತ್ತಿ ಹಿಡಿದಾಗ ಸಣ್ಣ ನಲ್ಲಿಯ ಹಾಗೆ ನೀರು ಸುರಿಯಿತು. ತುಸು ಒಗರು, ತಣ್ಣಗೆ. ಅಂಥ ನೀರು ನಾನು ಮತ್ತೆ ಕುಡಿದಿಲ್ಲ, ಈಗಲೂ ನೆನೆದರೆ ಆಸೆಯಾಗುತ್ತದೆ.

ಎರಡನೇ ತುಂಡು ಅವ್ವನ ಕೈಗೆ ಬಂತು. ಅವಳು ಕುಡಿಯಲಿಲ್ಲ. ದೂರದ ಬಂಡೆಯ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ಅಪ್ಪನ ಹತ್ತಿರ ಹೋದಳು.

"ಬಾಯಿ ತಗೀರಿ."

ಅಪ್ಪ ಅಂಗಿಯೆಲ್ಲ ತೋಯಿಸಿಕೊಂಡು ಗಟಗಟ ಕುಡಿದರು. ಕೊನೆಯ ಹನಿಯವರೆಗೂ ಅವಳು ಬಳ್ಳಿಯನ್ನು ಎತ್ತಿ ಹಿಡಿದೇ ಇದ್ದಳು.

"ನಾ ಹೋದ್ರ ನಿಮಗ ಒಂದ್ ಗುಟುಕು ನೀರು ಕೊಡೋರು ಯಾರದಾರ್ರಿ ಇಲ್ಲೆ?"

ಅಪ್ಪ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಜೂನಿನಲ್ಲಿ ನಾನು ನಾಸಿಕದಲ್ಲೇ ಏಳನೇ ಇಯತ್ತೆಗೆ ಹೋದೆ.