ಸೊಸೆಯ ನಡಿಗೆಗೆ ಬಂದ ಬಯಕೆ ಬುತ್ತಿ

ಗೆಳತಿಯರೇ, ಇವತ್ತು ಬೆಳಿಗ್ಗೆಯೇ ನನ್ನ ತಲೆ ಕೆಟ್ಟಿತು. ನಾನೂ ಸೊಸೆ ರೇಣುಕಾಳೂ ಕೋಗಿಲಬನದ ರಸ್ತೆಯಲ್ಲಿ ನಡೆದು ಮನೆಗೆ ಬಂದರೆ, ಪಕ್ಕದ ಮನೆಯ ಶಾಂತವ್ವ ಬುತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಮಿರ್ಚಿ ಭಜಿ, ಕರ್ಚಿಕಾಯಿ.

“ಯಕ್ಕಾ, ಸೊಸಿ ಕೈ ಹಿಡಿದು ದಿನಾ ನಡಸಾಕತ್ತೀರಿ ಅಂದ್ರ ನಮಗ ತಿಳಿಯೂದಿಲ್ಲೇನ್ರಿ? ಎಷ್ಟ ತಿಂಗಳಾತ್ರಿ? ಬಯಕಿ ಬುತ್ತಿ ತಂದೇನಿ!”

ಸೊಸೆಯ ಮುಖ ಬಿಳಿಚಿಕೊಂಡಿತು. ಅವಳಿಗಿರುವುದು ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥ ಪೊರೆ ಅದರ ಹೊರಗೆ ಬೆಳೆಯುವ ರೋಗ. ಮುಟ್ಟಾದಾಗ ಹೊಟ್ಟೆ ಹಿಡಿದು ನೆಲದ ಮೇಲೆ ಹೊರಳುತ್ತಾಳೆ. ಮಕ್ಕಳಾಗುವುದೂ ಕಷ್ಟವಾಗಬಹುದಂತೆ. ಮಾತ್ರೆಯ ಜೊತೆ ದಿನಾ ನಡೆಯಿರಿ, ಕರಿದದ್ದು, ಸಿಹಿ ಕಡಿಮೆ ಮಾಡಿ, ಸೊಪ್ಪು ತಿನ್ನಿ, ಚೆನ್ನಾಗಿ ನಿದ್ದೆ ಮಾಡಿ ಎಂದರು ಡಾಕ್ಟರು. ಇದರಿಂದ ರೋಗ ಹೋಗುವುದಿಲ್ಲ, ನೋವು ತಗ್ಗಬಹುದು ಎಂದೂ ಹೇಳಿದರು. ಆ ‘ಬಹುದು’ ಎಂಬುದನ್ನೇ ನಂಬಿ ನಡೆಯುತ್ತಿದ್ದೇವೆ. ಈ ವಾರ ಮತ್ತೆ ಅವಳ ಮುಟ್ಟಿನ ದಿನ ಬರುತ್ತದೆ. ಅದೇ ಹೆದರಿಕೆ ನನಗೆ.

“ಬಸರ ಅಲ್ಲ, ಜಡ್ಡ ಐತಿ ಆಕಿಗೆ! ಕರಿದದ್ದ ತಿನ್ನಿಸಿ ನೋವು ಹೆಚ್ಚ ಮಾಡಬ್ಯಾಡ. ಎತ್ತ ನಿನ್ನ ಬುತ್ತಿ!” ಎಂದು ಒದರಿದೆ.

ಸೊಸೆ ನನ್ನ ಸೆರಗು ಜಗ್ಗಿದಳು. “ಬೈಬ್ಯಾಡ್ರಿ ಅತ್ತಿ, ಪಾಪ, ಪ್ರೀತಿಲೆ ತಂದಾರ” ಎಂದಳು. ಶಾಂತವ್ವನ ಕಡೆ ತಿರುಗಿ, “ಕಾಕು, ನಾಳೆ ನೀವೂ ನಡ್ಯಾಕ ಬರ್ರಿ” ಎಂದು ಕರೆದಳು.

ಶಾಂತವ್ವ ಕಣ್ಣೊರೆಸಿಕೊಂಡು ಬುತ್ತಿ ಬಿಟ್ಟು ಹೋದಳು. ಬಯಕೆ ಬುತ್ತಿ ಕೆಡಿಸಬಾರದೆಂದು ನಾನೇ ಎಲ್ಲ ತಿಂದೆ. ಈಗ ಹೊಟ್ಟೆ ಉಬ್ಬಿದೆ. ನಾಳೆ ಸೊಸೆಯೇ ನನ್ನ ಕೈ ಹಿಡಿದು ನಡೆಸಬೇಕು. ನೋಡಿದವರು ನನ್ನನ್ನೂ ಎಷ್ಟು ತಿಂಗಳು ಎಂದು ಕೇಳಲಿ, ‘ಬಸರ ಅಲ್ಲ, ಭಜಿ!’ ಎಂಬ ಉತ್ತರ ಇಟ್ಟುಕೊಂಡಿದ್ದೇನೆ.