ಈಚಲು ಕಡ್ಡಿಯ ಅಕ್ಷರ
ನಿಜಾಮರ ಕಾಲದಲ್ಲಿ ನಾನು ಕಮಲಾಪುರದ ಕೆಂಪು ಬಾಳೆಹಣ್ಣು ಮಾರಲು ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರ ಅಂಗಡಿ ಹಾಕಿದೆ. ಅಂಗಡಿಗಳ ಹೆಸರು ಬರೆಯುವ ಪೇಂಟರನಿಗೆ ಸುಣ್ಣ ಬಳಿದ ಹಲಗೆ ಕೊಟ್ಟೆ.

"ಉರ್ದು ಬರೀತೀನಿ ಅಕ್ಕಾ. ಕನ್ನಡ ನನಗ ಬರಂಗಿಲ್ಲ," ಎಂದ.

"ಹಂಗಾದ್ರ ನಾನೇ ಬರೀತೀನಿ ತಗೋ," ಎಂದೆ.

ಅಪ್ಪ ಕಲಿಸಿದ ಅಕ್ಷರ ಗೊತ್ತಿತ್ತು, ಕುಂಚ ಇರಲಿಲ್ಲ. ಈಚಲು ಕಡ್ಡಿಯ ತುದಿ ಜಜ್ಜಿ, ಕೆಮ್ಮಣ್ಣಿನಲ್ಲಿ ಅದ್ದಿ ಬರೆದೆ. ನಾರು ಎಳೆದಲ್ಲೆಲ್ಲ ಅಕ್ಷರದೊಳಗೆ ಬಿಳಿ ಗೀರು ಉಳಿಯಿತು. ಎರಡು ಸಲ ಒರೆಸಿದೆ. ಮೂರನೆಯ ಸಲ ದೂರ ನಿಂತು ನೋಡಿದರೆ, ಆ ಗೀರುಗಳಿಂದಲೇ ಅಕ್ಷರಗಳಿಗೆ ಜೀವ ಬಂದಿತ್ತು. ಹಾಗೆಯೇ ತೂಗುಹಾಕಿದೆ.

ತಿಂಗಳಾದ ಮೇಲೆ ಪೇಂಟರ್ ಬಂದ. "ಬೆಲ್ಲದ ಅಂಗಡಿಯವರು ಇಂಥಾ ಅಕ್ಷರಾನೇ ಬೇಕಂತಾರ. ಆ ಕಡ್ಡಿ ಕೊಡ್ರಿ ಅಕ್ಕಾ, ನಿಮ್ಮ ಅಕ್ಷರ ನೋಡಿ ಬರೀತೀನಿ."

ಕಡ್ಡಿ ಕೊಡಲಿಲ್ಲ. ಹೋಗಿ ಬೆಲ್ಲದ ಅಂಗಡಿಯ ಹಲಗೆಯನ್ನೂ ನಾನೇ ಬರೆದೆ.